ಕೊತ್ತಿ ಬಾಯಲ್ಲಿ ನಮ್ಮನೆ ಮಾತು

‘ಒಂದು ಬೆಕ್ಕು ಕನ್ನಡದಲ್ಲಿ ಮಾತಾಡಿದರೆ ಹೇಗೆ ಮಾತಾಡುತ್ತೆ? ಹತ್ತು ಸಾಲು ಬರೆದು ಕಳಿಸಿ. ನಾಳೆ ಸಂಜೆಯೊಳಗೆ.’

ಕಳೆದ ವರ್ಷ ಬೆಂಗಳೂರಿನ ಸಣ್ಣದೊಂದು ಜಾಹೀರಾತು ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದಾಗ ನನಗೆ ಕೊಟ್ಟ ಪರೀಕ್ಷೆ ಇದು. ಎಂ.ಎ. ಇಂಗ್ಲಿಷ್ ಮುಗಿಸಿ, ವಿಜಯನಗರದ ಪಿ.ಜಿ.ಯೊಂದರಲ್ಲಿ ಎರಡು ವರ್ಷ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವಳು ನಾನು. ಸಂವಿಧಾನದ ತಿದ್ದುಪಡಿ ಕೇಳಿದ್ದರೆ ವರ್ಷ ಸಮೇತ ಹೇಳುತ್ತಿದ್ದೆ. ನದಿ, ಉಪನದಿ ಕೇಳಿದ್ದರೂ ಏನೋ ಒಂದು ಒಪ್ಪಿಸುತ್ತಿದ್ದೆ. ಬೆಕ್ಕಿನ ಕನ್ನಡ ಮಾತ್ರ ಯಾವ ಸಿಲೆಬಸ್ಸಿನಲ್ಲೂ ಇರಲಿಲ್ಲ.

ಅವರಿಗೆ ಬೆಕ್ಕು, ನಾಯಿಗಳ ತಿಂಡಿ ಮಾರುವ ಒಬ್ಬ ಗಿರಾಕಿ ಸಿಕ್ಕಿದ್ದರು. ಇನ್‌ಸ್ಟಾಗ್ರಾಮಿನಲ್ಲಿ ಹಾಕುವ ಪುಟ್ಟ ಪುಟ್ಟ ವಿಡಿಯೊಗಳಿಗೆ ಬೆಕ್ಕೇ ಮಾತಾಡಿದಂತೆ ಸಾಲುಗಳು ಬೇಕಿದ್ದವು. ಮಾದರಿಗೆಂದು ಇಂಗ್ಲಿಷಿನವು ನಾಲ್ಕೈದು ತೋರಿಸಿದರು. ನನಗೆ ಅವು ಹೊಸತೇನಲ್ಲ. ಓದಬೇಕಾದ ಹೊತ್ತಿನಲ್ಲಿ ಬೆಕ್ಕಿನ ವಿಡಿಯೊ ನೋಡಿ ಕಳೆದ ರಾತ್ರಿಗಳ ಲೆಕ್ಕ ನನ್ನ ಮೊಬೈಲಿಗೆ ಗೊತ್ತು. ‘ಆಗಲಿ ಮೇಡಂ’ ಎಂದು ಎದ್ದು ಬಂದೆ. ಮೆಟ್ರೊದಲ್ಲಿ ಕೂತು ಯೋಚಿಸಿದಾಗ ಕೈ ಓಡಲಿಲ್ಲ.

ಇಂಗ್ಲಿಷಿನಲ್ಲಿ ಈ ಆಟ ಬಹಳ ಹಳೆಯದು. 1870ರ ದಶಕದಲ್ಲೇ ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಹ್ಯಾರಿ ಪಾಯಿಂಟರ್ ಎಂಬ ಛಾಯಾಗ್ರಾಹಕ ಇದ್ದ. ಬೆಕ್ಕುಗಳನ್ನು ಚಹಾ ಕುಡಿಯುವಂತೆ, ಸೈಕಲ್ ಹೊಡೆಯುವಂತೆ ಕೂರಿಸಿ ಫೋಟೊ ತೆಗೆದು, ಅದರ ಕೆಳಗೊಂದು ತಮಾಷೆಯ ಸಾಲು ಸೇರಿಸಿ ಕಾರ್ಡುಗಳಾಗಿ ಮಾರುತ್ತಿದ್ದ. ಬರೀ ಬೆಕ್ಕಿಗಿಂತ ಸಾಲಿರುವ ಬೆಕ್ಕೇ ಹೆಚ್ಚು ಹಿಡಿಸುತ್ತದೆ ಎನ್ನುವ ಗುಟ್ಟು ಅವನಿಗಾಗಲೇ ಗೊತ್ತಾಗಿತ್ತು. ಮುಂದೆ ಇಂಟರ್‌ನೆಟ್ ಬಂದ ಮೇಲೆ, 2000ದ ದಶಕದ ನಡುವಿನಲ್ಲಿ, ಶನಿವಾರ ಬಂದರೆ ಬೆಕ್ಕಿನ ಚಿತ್ರ ಹಾಕುವ ಪದ್ಧತಿ ಶುರುವಾಯಿತು. ಅದಕ್ಕೆ ‘ಕ್ಯಾಟರ್‌ಡೇ’ ಎಂದೇ ಹೆಸರು. 2007ರ ಜನವರಿಯಲ್ಲಿ ಹವಾಯಿಯ ಇಬ್ಬರು ಸ್ನೇಹಿತರು ಒಂದು ದಪ್ಪ ಬೂದು ಬೆಕ್ಕಿನ ಚಿತ್ರ ಹಾಕಿದರು. ಅದು ಹಲ್ಲುಕಿರಿದು ಕೇಳುತ್ತಿತ್ತು: ‘ಐ ಕ್ಯಾನ್ ಹ್ಯಾಸ್ ಚೀಸ್‌ಬರ್ಗರ್?’ ಅಲ್ಲಿಂದ ಮುಂದೆ ಇಂಥ ಬೆಕ್ಕುಗಳಿಗೆ ‘ಲೋಲ್‌ಕ್ಯಾಟ್’ ಎಂಬ ಹೆಸರು ಗಟ್ಟಿಯಾಯಿತು.

ಇಂಗ್ಲಿಷ್ ಮೇಷ್ಟ್ರು ಕೆಂಪು ಶಾಯಿ ಹಿಡಿದು ಓಡಿಬರುವಂಥ ವಾಕ್ಯ ಅದು. ‘ಕ್ಯಾನ್’ ಆದ ಮೇಲೆ ‘ಹ್ಯಾವ್’ ಬರಬೇಕು, ಬಂದಿರುವುದು ‘ಹ್ಯಾಸ್’. ಆದರೆ ಆ ತಪ್ಪು ಅಡ್ಡಾದಿಡ್ಡಿ ಮಾಡಿದ್ದಲ್ಲ. ಬೆಕ್ಕಿನ ಇಂಗ್ಲಿಷಿಗೂ ನಿಯಮಗಳಿದ್ದವು. ಬಂದ ಕೂಡಲೇ ‘ಓ ಹಾಯ್’ ಅನ್ನಬೇಕು. ‘ಹ್ಯೂಮನ್’ ಅನ್ನುವುದು ‘ಹೂಮನ್’ ಆಗಬೇಕು. ಅವಸರದಲ್ಲಿ ಟೈಪ್ ಮಾಡಿದಾಗ ಆಗುವ ಅಕ್ಷರಪಲ್ಲಟಗಳನ್ನು ಬೇಕೆಂದೇ ಉಳಿಸಿಕೊಳ್ಳಬೇಕು. ಇದನ್ನು ಸರಿಯಾಗಿ ತಪ್ಪು ಮಾಡಲು ಬಾರದವನು ಆ ಗುಂಪಿನಲ್ಲಿ ಸಿಕ್ಕಿಬೀಳುತ್ತಿದ್ದ! ಎಂಜಿನಿಯರಿಂಗ್ ಓದುವ ಗೆಳೆಯರಿಗೆ ಒಂದು ಮಾತು: ಅದೇ 2007ರಲ್ಲಿ ಆಡಂ ಲಿಂಡ್ಸೆ ಎಂಬ ಸಂಶೋಧಕ ಈ ಬೆಕ್ಕಿನ ಭಾಷೆಯಲ್ಲೇ ‘ಲೋಲ್‌ಕೋಡ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ. ಅದರಲ್ಲಿ ಪ್ರೋಗ್ರಾಂ ಶುರುವಾಗುವುದೇ ‘ಹಾಯ್’ ಎಂಬ ಆಜ್ಞೆಯಿಂದ. ಮುಗಿಯುವುದು ‘ಓಕೆ ಥ್ಯಾಂಕ್ಸ್ ಬೈ’ ಎನ್ನುವುದನ್ನು ಮುದ್ದೆ ಮಾಡಿದಂತಿರುವ ಪದದಿಂದ. ನಿಮ್ಮ ಸಿ ಪ್ಲಸ್ ಪ್ಲಸ್ ಇಷ್ಟು ಮರ್ಯಾದೆಯಿಂದ ಮಾತಾಡಿಸಿದೆಯೇ?

ನಾಯಿಗಳ ಸರದಿ ಆಮೇಲೆ ಬಂತು. 2015ರಲ್ಲಿ ಅಮೆರಿಕದ ಒಬ್ಬ ಕಾಲೇಜು ಹುಡುಗ ಟ್ವಿಟರ್‌ನಲ್ಲಿ ‘ವಿ ರೇಟ್ ಡಾಗ್ಸ್’ ಎಂಬ ಖಾತೆ ತೆರೆದು, ಜನ ಕಳಿಸಿದ ನಾಯಿ ಫೋಟೊಗಳಿಗೆ ಅಂಕ ಕೊಡತೊಡಗಿದ. ಎಲ್ಲ ನಾಯಿಗಳಿಗೂ 10ಕ್ಕೆ 12, 10ಕ್ಕೆ 13! ನಾವು ಬರೆಯುವ ಪರೀಕ್ಷೆಗಳಲ್ಲಿ ಅಂಥ ಮೌಲ್ಯಮಾಪಕರು ಸಿಗಬಾರದೇ ಅನಿಸುತ್ತದೆ. ‘ಡಾಗೊ’, ‘ಪಪ್ಪರ್’ ಎನ್ನುವ ಪದಗಳೆಲ್ಲ ಎಲ್ಲರ ಬಾಯಿಗೆ ಬಂದದ್ದು ಆ ಹೊತ್ತಿನಲ್ಲೇ. ನಾಯಿಯ ಭಾಷೆ ಸಂಭ್ರಮದ್ದು, ಯಜಮಾನನನ್ನು ಕಂಡು ಕುಣಿಯುವಂಥದ್ದು. ಬೆಕ್ಕಿನದು ಹಾಗಲ್ಲ. ಅದು ಕೇಳಿದರೂ ಆಜ್ಞೆ ಮಾಡಿದಂತೆಯೇ ಇರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಹಾಳೆ ಖಾಲಿ. ಇಂಗ್ಲಿಷ್ ಬೆಕ್ಕು ವ್ಯಾಕರಣ ತಪ್ಪಿ ನಗಿಸುತ್ತದೆ. ಕನ್ನಡದ ಬೆಕ್ಕು ಎಲ್ಲಿ ತಪ್ಪಬೇಕು? ‘ನಾನು ಹಾಲು ಕುಡಿಯುತ್ತದೆ’ ಎಂದು ಬರೆದೆ. ಓದಿಕೊಂಡರೆ ಅದು ಬೆಕ್ಕಿನ ಮಾತಾಗಿರಲಿಲ್ಲ, ನನ್ನ ರೂಮ್‌ಮೇಟಿನದಾಗಿತ್ತು. ಅವಳು ಬಿಹಾರದವಳು. ಕೆಳಗಿನ ಅಂಗಡಿಯ ಅಂಕಲ್ ಹತ್ತಿರ ದಿನಾ ಹಟ ಹಿಡಿದು ಕನ್ನಡದಲ್ಲೇ ಹಾಲು, ಮೊಸರು ಕೇಳುತ್ತಿದ್ದಳು. ಪಕ್ಕದ ಮಂಚದಲ್ಲಿ ಮಲಗಿದ್ದವಳನ್ನು ನೋಡಿ ಆ ಸಾಲನ್ನು ಅಳಿಸಿದೆ.

ರಾತ್ರಿ ಹನ್ನೊಂದಕ್ಕೆ ಮೊಬೈಲ್ ಟಿಂಗ್ ಎಂದಿತು. ‘ನಮ್ಮನೆ’ ಗ್ರೂಪಿನಲ್ಲಿ ತಂಗಿ ಫೋಟೊ ಹಾಕಿದ್ದಳು. ರಾಗಿ ಚೀಲದ ಮೇಲೆ ಕಾಲು ಮಡಚಿ ಕೂತ ನಮ್ಮ ಕೊತ್ತಿ. ಕೆಳಗೆ: ‘ಮೂಟೆ ಕಾಯ್ತಾ ಇವ್ನಿ. ಯಾರ್ ಬಂದ್ರೂ ಬುಡಕಿಲ್ಲ. ಮಲ್ಗಿವ್ನಿ ಅನ್ಕಬ್ಯಾಡಿ, ಕಣ್ಮುಚ್ಕೊಂಡ್ ಕಾಯ್ತಾ ಇವ್ನಿ.’

ನಾನು ಎಲ್ಲೆಲ್ಲೋ ಹುಡುಕುತ್ತಿದ್ದ ಬೆಕ್ಕು ನಮ್ಮ ಮನೆಯಲ್ಲೇ ಮಾತಾಡುತ್ತಿತ್ತು.

ನಮ್ಮದು ಮಂಡ್ಯ ಕಡೆಯ ಹಳ್ಳಿ. ನಮ್ಮಲ್ಲಿ ಬೆಕ್ಕಿಗೆ ‘ಕೊತ್ತಿ’ ಅನ್ನುತ್ತೇವೆ. ‘ಬೆಕ್ಕು’ ಎಂಬುದು ಶಾಲೆಯ ಪುಸ್ತಕದಲ್ಲಿತ್ತು, ಕೊತ್ತಿ ಅಟ್ಟದ ಮೇಲಿತ್ತು. ಅವೆರಡೂ ಒಂದೇ ಪ್ರಾಣಿ ಎಂದು ಒಂದನೇ ಕ್ಲಾಸಿನಲ್ಲಿ ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಮೈಸೂರಿನ ಹಾಸ್ಟೆಲಿಗೆ ಸೇರಿದ ಹೊಸದರಲ್ಲಿ ‘ನಮ್ಮನೇಲಿ ಕೊತ್ತಿ ಸಾಕಿದ್ದೀವಿ’ ಎಂದಿದ್ದೆ. ಹುಡುಗಿಯೊಬ್ಬಳು ‘ಕೋತಿನಾ? ಮನೇಲಾ?’ ಎಂದು ಬಾಯಿ ಬಿಟ್ಟಳು. ಇಡೀ ಕಾರಿಡಾರ್ ನಕ್ಕಿತು. ಅವತ್ತಿನಿಂದ ನಾನು ‘ಬೆಕ್ಕು’ ಅನ್ನತೊಡಗಿದೆ. ‘ಒಸಿ’ ಹೋಗಿ ‘ಸ್ವಲ್ಪ’ ಬಂತು, ‘ಬುಡು’ ಹೋಗಿ ‘ಬಿಡು’ ಬಂತು. ಮಂಗಳೂರಿನ ಗೆಳತಿ ಮಾತ್ರ ತಮ್ಮ ತುಳುವಿನಲ್ಲಿ ಅದಕ್ಕೆ ‘ಪುಚ್ಚೆ’ ಎನ್ನುತ್ತಾರೆ ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡು, ಹಾಸ್ಟೆಲಿನ ಹಿಂದಿನ ಬೆಕ್ಕನ್ನು ಕೊನೆಯ ಸೆಮಿಸ್ಟರ್‌ವರೆಗೂ ಹಾಗೆಯೇ ಕರೆದಳು. ಅವಳ ಧೈರ್ಯ ನನಗಿರಲಿಲ್ಲ.

ಮನೆಯಲ್ಲಿ ಕೊತ್ತಿಗೆ ಹೆಸರಿಡುವ ರೂಢಿ ಇಲ್ಲ. ಗ್ರೂಪಿಗೆ ಬಂದ ಮೇಲೆ ತಂಗಿ ಅವನನ್ನು ‘ಕೊತ್ತಪ್ಪ’ ಮಾಡಿದಳು. ಆಮೇಲೆ ಶುರುವಾಯಿತು ನೋಡಿ ಪದಗಳ ಸುಗ್ಗಿ. ಕಾಲುಗಳನ್ನೆಲ್ಲ ಒಳಗೆ ಎಳೆದುಕೊಂಡು ಉಂಡೆಯಾಗಿ ಕೂರುವ ಬೆಕ್ಕಿಗೆ ಇಂಗ್ಲಿಷಿನವರು ‘ಲೋಫ್’ ಅನ್ನುತ್ತಾರೆ, ಬ್ರೆಡ್ಡಿನ ಅಚ್ಚಿನಂತೆ ಕಾಣುತ್ತದೆಂದು. ನಮ್ಮನೆಯಲ್ಲಿ ಬ್ರೆಡ್ಡು ಜ್ವರ ಬಂದಾಗ ಮಾತ್ರ. ಹಾಗಾಗಿ ತಂಗಿ ‘ಕೊತ್ತಪ್ಪ ಮುದ್ದೆ ಕಟ್ಕೊಂಡವ್ನೆ’ ಎಂದು ಬರೆದಳು. ಅಂಗಾಲಿನ ಗುಲಾಬಿ ಬಣ್ಣದ ಮೆತ್ತನೆಯ ಗುಬುಟುಗಳಿಗೆ ಅವರು ‘ಟೋ ಬೀನ್ಸ್’ ಅಂದರೆ, ನಮ್ಮಲ್ಲಿ ಅದು ‘ಅವರೆಕಾಳು’. ಹಿತುಕಿದ ಅವರೆಕಾಳನ್ನು ಒಮ್ಮೆ ನೋಡಿದವರು ಈ ಹೆಸರಿಗೆ ತಕರಾರು ತೆಗೆಯಲಾರರು.

ಆದರೆ ಕೊತ್ತಿಯ ಬಾಯಲ್ಲಿ ಮಾತಾಡುವುದನ್ನು ನಮಗೆ ಕಲಿಸಿದ್ದು ವಾಟ್ಸ್‌ಆ್ಯಪ್ ಅಲ್ಲ, ಅವ್ವ. ಅಪ್ಪ ಗದ್ದೆಯಿಂದ ತಡವಾಗಿ ಬಂದ ದಿನ ಅವ್ವ ಅಪ್ಪನಿಗೆ ಏನೂ ಅನ್ನುತ್ತಿರಲಿಲ್ಲ. ಒಲೆ ಮುಂದೆ ಕೂತ ಕೊತ್ತಿಯನ್ನು ನೋಡಿ, ‘ಉಣ್ಣು ಕನಪ್ಪ ನೀನು. ನಿನಗಾದ್ರೂ ಹೊತ್ತೊತ್ಗೆ ಹಸಿವಾಯ್ತದೆ. ಕೆಲವ್ರಿಗೆ ಮನೆ ಅನ್ನದೇ ಗ್ಯಾನ ಇಲ್ಲ’ ಅನ್ನುತ್ತಿತ್ತು. ಅಪ್ಪನೂ ಕೊತ್ತಿಗೇ ಉತ್ತರ ಕೊಡುತ್ತಿತ್ತು: ‘ನೀರ್ ಬುಟ್ಟಿದ್ರು ಕನೋ ಇವತ್ತು. ಗದ್ದೆ ಬುಟ್ಟು ಬರಕಾಯ್ತದಾ?’ ಕೊತ್ತಿ ಇಬ್ಬರ ಮುಖವನ್ನೂ ನೋಡಿ ಬಾಲ ಸುತ್ತಿಕೊಂಡು ಕೂರುತ್ತಿತ್ತು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಎಂ.ಎ.ಯಲ್ಲಿ ಭಾಷಾಶಾಸ್ತ್ರದ ಪತ್ರಿಕೆಗಾಗಿ ಓದುವಾಗ ಅಮೆರಿಕದ ಭಾಷಾವಿಜ್ಞಾನಿ ಡೆಬೊರಾ ಟ್ಯಾನನ್ ಅವರ 2004ರ ಒಂದು ಲೇಖನ ಸಿಕ್ಕಿತು. ಕೆಲವು ಕುಟುಂಬಗಳವರು ವಾರದ ಮಟ್ಟಿಗೆ ರೆಕಾರ್ಡರ್ ಹೊತ್ತುಕೊಂಡು ತಮ್ಮ ಮನೆಮಾತನ್ನೆಲ್ಲ ದಾಖಲಿಸಿದ್ದರು. ಅದರಲ್ಲಿ ನಾಯಿಗಳ ಜೊತೆ ಆಡಿದ, ನಾಯಿಗಳ ಪರವಾಗಿ ಆಡಿದ ಮಾತುಗಳನ್ನು ಅವರು ಹೆಕ್ಕಿ ನೋಡಿದ್ದರು. ಗಂಡನ ಮೇಲಿನ ಆಕ್ಷೇಪಣೆಯ ಮೊನೆ ಮುರಿಯಲು, ಏರುತ್ತಿದ್ದ ಜಗಳವನ್ನು ತಮಾಷೆಗೆ ತಿರುಗಿಸಲು, ಮಗುವಿಗೆ ಬುದ್ಧಿ ಹೇಳಲು, ಹೊಗಳಲು ಜನ ಸಾಕುಪ್ರಾಣಿಯನ್ನು ನಡುವೆ ತರುತ್ತಾರೆ ಎನ್ನುವುದು ಅವರು ಕಂಡದ್ದು. ಓದುತ್ತಾ ಓದುತ್ತಾ ನನಗೆ ನಗು. ಇದಕ್ಕೆ ಅಮೆರಿಕದವರೆಗೆ ಹೋಗಬೇಕಿತ್ತೇ, ನಮ್ಮ ಅಡುಗೆಮನೆಗೆ ಬಂದಿದ್ದರೆ ಒಂದು ಸಂಜೆಗೇ ಮುಗಿಯುತ್ತಿತ್ತು!

ಇನ್ನೊಂದು ಪ್ರಯೋಗ ನೆನಪಿದೆ. ಆಸ್ಟ್ರೇಲಿಯಾದ ಸಂಶೋಧಕರು ತಾಯಂದಿರು ಮಕ್ಕಳ ಜೊತೆ, ಸಾಕುಪ್ರಾಣಿಗಳ ಜೊತೆ, ದೊಡ್ಡವರ ಜೊತೆ ಮಾತಾಡುವುದನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದರು. ಮಗುವಿಗೂ ಬೆಕ್ಕಿಗೂ ದನಿ ಒಂದೇ ರೀತಿ ಮೇಲೇರುತ್ತದೆ, ಮುದ್ದು ಒಂದೇ ರೀತಿ ತುಂಬುತ್ತದೆ. ವ್ಯತ್ಯಾಸ ಒಂದೇ: ಮಗುವಿನ ಮುಂದೆ ಸ್ವರಗಳನ್ನು ಬಿಡಿಸಿ ಬಿಡಿಸಿ ಉಚ್ಚರಿಸುತ್ತಾರೆ, ಬೆಕ್ಕಿನ ಮುಂದೆ ಇಲ್ಲ. ಮಗು ಮುಂದೆ ಮಾತು ಕಲಿಯುತ್ತದೆ, ಬೆಕ್ಕು ಕಲಿಯುವುದಿಲ್ಲ ಎನ್ನುವುದು ನಮ್ಮ ನಾಲಿಗೆಗೆ ತಾನಾಗಿಯೇ ಗೊತ್ತು. ಹೇಳಿದ್ದನ್ನು ಅದು ಇನ್ನೊಬ್ಬರಿಗೆ ಹೋಗಿ ಹೇಳುವುದಿಲ್ಲ ಎನ್ನುವುದೂ ಗೊತ್ತಿರಬೇಕು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಸಂದರ್ಶನಕ್ಕೆ ಎರಡು ತಿಂಗಳ ಹಿಂದೆ ಪೂರ್ವಭಾವಿ ಪರೀಕ್ಷೆಯ ಫಲಿತಾಂಶ ಬಂದಿತ್ತು. ನನ್ನದು ಎರಡನೆಯ ಸಲ. ಮೂರು ಅಂಕದಲ್ಲಿ ಹೋಯಿತು. ಮೂರು ಅಂಕ ಎಂದರೆ ಏನೆಂದು ಈ ಪುಟ ಓದುವ ಹಲವರಿಗೆ ನಾನು ವಿವರಿಸಬೇಕಿಲ್ಲ. ನನ್ನ ಪಿ.ಜಿ. ಬಾಡಿಗೆ, ಕೋಚಿಂಗ್ ಫೀಸಿಗೆಂದು ಅಪ್ಪ ಎರಡು ಬೆಳೆಯ ಕಬ್ಬಿನ ದುಡ್ಡು ಇಟ್ಟಿತ್ತು. ಫೋನ್ ಮಾಡಿ ಹೇಳಲು ಬಾಯಿ ಬರಲಿಲ್ಲ. ಐದು ದಿನ ‘ಇನ್ನೂ ಬಂದಿಲ್ಲ’ ಎಂದೇ ಸುಳ್ಳು ಹೇಳಿದೆ. ಆರನೆಯ ದಿನ ತಂಗಿ ಒಂದು ಫೋಟೊ ಹಾಕಿದಳು. ಕೊಟ್ಟಿಗೆಯ ಗೋಡೆಯ ಬಿಲದ ಮುಂದೆ ಕೊತ್ತಪ್ಪ ಪೆಚ್ಚಾಗಿ ಕೂತಿದ್ದ. ನಾನು ಅದನ್ನೇ ತೆಗೆದುಕೊಂಡು, ಕೆಳಗೆ ಬರೆದು, ಕಣ್ಣು ಮುಚ್ಚಿ ಕಳಿಸಿಬಿಟ್ಟೆ:

‘ಬೆಂಗ್ಳೂರ್ ಅಕ್ಕಂಗೂ ಈ ಸಲ ಇಲಿ ಸಿಕ್ನಿಲ್ವಂತೆ. ಮೂರೇ ಅಂಕದಲ್ಲಿ ಬಿಲ ಸೇರ್ಕತಂತೆ.’

ಎಲ್ಲರೂ ನೋಡಿದರು. ಎರಡು ನೀಲಿ ಗೆರೆ ಬಂತು. ಉತ್ತರ ಇಲ್ಲ. ಅರ್ಧ ಗಂಟೆ, ಒಂದು ಗಂಟೆ. ನಾನು ಮಹಡಿ ಮೇಲೆ ಹೋಗಿ ಒಣಗಿದ ಬಟ್ಟೆಗಳ ನಡುವೆ ನಿಂತೆ.

ಅಪ್ಪ ಅದುವರೆಗೆ ಗ್ರೂಪಿನಲ್ಲಿ ಒಂದಕ್ಷರ ಟೈಪ್ ಮಾಡಿದ್ದಿಲ್ಲ. ಯಾರೋ ಕಳಿಸಿದ ಶುಭೋದಯದ ಹೂವನ್ನು ಮುಂದಕ್ಕೆ ದಾಟಿಸುವುದು, ಇಲ್ಲವೇ ಟ್ರ್ಯಾಕ್ಟರ್ ಸದ್ದಿನ ನಡುವೆ ನಾಲ್ಕು ಮಾತು ರೆಕಾರ್ಡ್ ಮಾಡಿ ಕಳಿಸುವುದು, ಅಷ್ಟೆ. ಅವತ್ತು ರಾತ್ರಿ ಒಂಬತ್ತೂವರೆಗೆ ಅಪ್ಪನ ನಂಬರಿನಿಂದ ಬಂತು:

‘ನಾನೂವೆ ಮೂರ್ ದಿನದಿಂದ ಒಂದ್ ಇಲಿನೂ ಇಡ್ದಿಲ್ಲ. ಆದ್ರೂ ನಂಗೆ ಅನ್ನ ಆಕ್ತಾವ್ರೆ. ಊರ್ಗೆ ಬಾ. ಇಂತಿ ಕೊತ್ತಿ.’

ಆ ‘ಇಂತಿ’ ನೋಡಿ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಮನೆಯಲ್ಲಿ ಯಾರೂ ಫಲಿತಾಂಶದ ವಿಷಯ ಎತ್ತಲಿಲ್ಲ. ಅಪ್ಪ ನೇರವಾಗಿ ನನಗೆ ಹೇಳಿದ್ದು ‘ಬಿಸ್ಲಲ್ಲಿ ಬಂದಿದ್ದೀಯಾ, ನೀರ್ ಕುಡಿ’ ಎಂದಷ್ಟೇ.

ಹಾಗೆಂದು ಈ ಕೊತ್ತಿಯ ಬಾಯಿ ಯಾವಾಗಲೂ ಸಿಹಿಯಲ್ಲ. ಮುಂದಿನ ವಾರವೇ ಅವ್ವ ಅದರ ತಲೆ ಸವರುತ್ತಾ, ‘ನಿಮ್ಮಕ್ಕಂಗೆ ವಯಸ್ಸಾಯ್ತಾ ಅದೆ ಕನೋ. ನೀನೇ ಒಂದ್ ಗಂಡು ನೋಡು’ ಎಂದಿತು. ಅವ್ವನಾದರೆ ಎದುರು ವಾದಿಸಬಹುದು. ಕೊತ್ತಿಯ ಜೊತೆ ವಾದಿಸುವುದು ಹೇಗೆ? ನಕ್ಕು ಸುಮ್ಮನಾಗಬೇಕು. ಹಾಗೆ ಸುಮ್ಮನಾದದ್ದೇ ಒಪ್ಪಿಗೆ ಎಂದು ಲೆಕ್ಕಕ್ಕೆ ಹೋಗಿಬಿಡುತ್ತದೆ. ಕೊನೆಗೆ ನಾನೇ ಅವ್ವನ ಮುಂದೆ ಕೂತು, ಕೊತ್ತಿಯನ್ನು ಪಕ್ಕಕ್ಕೆ ಸರಿಸಿ, ‘ಒಂದು ವರ್ಷ ಕೆಲಸ ಹುಡುಕ್ತೀನಿ, ಅಲ್ಲೀವರ್ಗೂ ಈ ಮಾತು ಬ್ಯಾಡ’ ಎನ್ನಬೇಕಾಯಿತು. ಹೀಗೆ ಕೆಲಸ ಹುಡುಕಿ ಬಂದವಳ ಕೈಗೆ ಬಿದ್ದದ್ದೇ ಬೆಕ್ಕಿನ ಹತ್ತು ಸಾಲು.

ತಂಗಿಯ ಮೂಟೆ ಕಾಯುವ ಕೊತ್ತಿಯನ್ನು ಮುಂದಿಟ್ಟುಕೊಂಡು ಆ ರಾತ್ರಿ ಹತ್ತಲ್ಲ, ಇಪ್ಪತ್ತು ಸಾಲು ಬರೆದೆ. ಎಲ್ಲವೂ ಅವ್ವನ ದನಿಯಲ್ಲೇ ಬಂದವು. ಬಟ್ಟಲು ಖಾಲಿಯಾದಾಗ: ‘ಈಟೇಯಾ? ನೆಂಟ್ರು ಬಂದವ್ರೆ ಅನ್ಕಂಡ್ ಒಸಿ ಜಾಸ್ತಿ ಆಕವ್ವ.’ ಸ್ನಾನ ಮಾಡಿಸಲು ಹೊರಟಾಗ: ‘ನಾನ್ ದಿನಾ ನೆಕ್ಕಂಡೇ ಸ್ನಾನ ಮಾಡ್ತೀನಿ, ನೀನ್ ಭಾನ್ವಾರ ಮಾತ್ರ ಮಾಡ್ತೀಯಾ. ಯಾರ್ ಯಾರ್ಗೆ ಹೇಳ್ಬೇಕು?’ ಕಂಪನಿಯವರು ಬಿದ್ದು ಬಿದ್ದು ನಕ್ಕರು. ಸಾಲಿಗೆ ನೂರು ರೂಪಾಯಿಯಂತೆ ಬರೆಯಲು ಹೇಳಿದರು. ನೌಕರಿ ಅಲ್ಲ, ಆದರೂ ನನ್ನ ಮೊದಲ ಸಂಪಾದನೆ. ‘ಇನ್ನೂ ಸ್ವಲ್ಪ ಹಳ್ಳಿ ಸ್ಲ್ಯಾಂಗ್ ಹಾಕಿ, ಚೆನ್ನಾಗಿ ವರ್ಕ್ ಆಗುತ್ತೆ’ ಎಂಬ ಸಲಹೆಯನ್ನೂ ಕೊಟ್ಟರು. ಹಾಕಿದೆ.

ವಿಡಿಯೊ ಬಂತು. ದನಿ ಕೊಟ್ಟವರು ನನ್ನ ಸಾಲನ್ನು ಇನ್ನಷ್ಟು ಎಳೆದು, ಮೂಗಿನಲ್ಲಿ ಆಡಿ, ಪ್ರತಿ ‘ಕನವ್ವ’ಕ್ಕೂ ಒಂದು ಗೊರಕೆ ಸೇರಿಸಿದ್ದರು. ಜನ ಚೆನ್ನಾಗಿಯೇ ನೋಡಿದರು. ಕೆಳಗೆ ಪ್ರತಿಕ್ರಿಯೆಗಳ ಸಾಲು: ‘ಪಕ್ಕಾ ಹಳ್ಳಿ ಗುಗ್ಗು ಬೆಕ್ಕು’, ‘ನಮ್ಮನೆ ಕೆಲಸದವಳು ಥೇಟ್ ಹೀಗೇ ಮಾತಾಡೋದು’, ಮುಂದೆ ನಗುವ ಮುಖಗಳು. ನನ್ನ ಖುಷಿ ಸ್ವಲ್ಪ ಇಳಿಯಿತು. ಆದರೂ ಲಿಂಕನ್ನು ಮನೆಗೆ ಕಳಿಸಿದೆ. ಮಗಳ ಕೆಲಸ ನೋಡಲಿ ಎಂಬ ಆಸೆ.

ಸಂಜೆ ತಂಗಿ ಫೋನ್ ಮಾಡಿದಳು. ಅವ್ವ ಎರಡು ಸಲ ನೋಡಿತಂತೆ. ಮೊದಲು ಬೆಕ್ಕು ಚೆನ್ನಾಗಿದೆ ಎಂದಿತಂತೆ. ಆಮೇಲೆ ತಂಗಿ ಪ್ರತಿಕ್ರಿಯೆಗಳನ್ನೂ ಓದಿ ಹೇಳಿದ್ದಾಳೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿತಂತೆ: ‘ಅಲ್ಲ, ಅದ್ಯಾಕ್ ಎಲ್ರೂ ಹಂಗ್ ನಗ್ತಾವ್ರೆ? ಕೊತ್ತಿ ಸರ್ಯಾಗೇ ಮಾತಾಡ್ತಾ ಅದಲ್ಲ?’

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಲೋಲ್‌ಕ್ಯಾಟಿನ ಇಂಗ್ಲಿಷ್ ಯಾರ ಮನೆಮಾತೂ ಅಲ್ಲ. ‘ಐ ಕ್ಯಾನ್ ಹ್ಯಾಸ್’ ಎಂದು ಮಗಳನ್ನು ಊಟಕ್ಕೆ ಕರೆಯುವ ತಾಯಿ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಕೀಬೋರ್ಡಿನ ಮೇಲೆ ಹುಟ್ಟಿದ ಮಾತು ಅದು, ಆ ತಪ್ಪಿಗೆ ವಾರಸುದಾರರಿಲ್ಲ, ನಕ್ಕರೆ ಯಾರಿಗೂ ತಾಗುವುದಿಲ್ಲ. ಕನ್ನಡದಲ್ಲಿ ಬೆಕ್ಕಿಗೆ ‘ತಪ್ಪು’ ಮಾತು ಹುಡುಕಲು ಹೊರಟ ನಾನು ತಂದದ್ದು ತಪ್ಪನ್ನಲ್ಲ, ಅವ್ವನನ್ನು. ನಮ್ಮ ‘ಅದೆ’, ‘ಬುಡು’, ‘ಒಸಿ’ಗಳಿಗೆ ಅವುಗಳದೇ ವ್ಯಾಕರಣವಿದೆ. ಗ್ರೂಪಿನಲ್ಲಿ ನಾವು ಕೊತ್ತಿಗೆ ಆ ಮಾತು ಕೊಟ್ಟಾಗ ಅದು ನಮ್ಮವನಾಗುತ್ತಿತ್ತು. ಅದೇ ಮಾತನ್ನು ನೂರು ರೂಪಾಯಿಗೆ ಹೊರಗೆ ಕಳಿಸಿದಾಗ ಅದು ಹಾಸ್ಟೆಲಿನ ಆ ಕಾರಿಡಾರಿಗೆ ಹೋಗಿ ನಿಂತಿತು. ಅಲ್ಲಿ ನಾನೊಬ್ಬಳೇ ನಗಿಸಿಕೊಂಡಿದ್ದೆ. ಈ ಸಲ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿದ್ದೆ.

ಹಳ್ಳಿಮಾತಿನಲ್ಲಿ ತಮಾಷೆ ಮಾಡಲೇಬಾರದು ಎನ್ನುವವಳಲ್ಲ ನಾನು. ನಮ್ಮೂರಿನವರಷ್ಟು ತಮಾಷೆ ಮಾಡುವವರನ್ನು ನಾನು ಬೆಂಗಳೂರಿನಲ್ಲಿ ಕಂಡಿಲ್ಲ. ಅಪ್ಪನ ‘ಇಂತಿ ಕೊತ್ತಿ’ಗೆ ನಾನೂ ನಕ್ಕವಳೇ. ಅಲ್ಲಿ ಮಾತು ತಮಾಷೆ ಮಾಡುತ್ತಿತ್ತು. ವಿಡಿಯೊದಲ್ಲಿ ಮಾತೇ ತಮಾಷೆಯ ವಸ್ತುವಾಗಿತ್ತು.

ಕೆಲಸ ಬಿಡುವ ಸ್ಥಿತಿಯಲ್ಲಿರಲಿಲ್ಲ. ಪಿ.ಜಿ. ಬಾಡಿಗೆಯ ದಿನ ಹತ್ತಿರ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನೆನಪಾದದ್ದು ಜಪಾನಿನ ಲೇಖಕ ನತ್ಸುಮೆ ಸೊಸೆಕಿ. 1905–06ರಲ್ಲಿ ಬಂದ ಅವನ ಕಾದಂಬರಿ ‘ನಾನೊಂದು ಬೆಕ್ಕು’. ಮೇಷ್ಟ್ರೊಬ್ಬರ ಮನೆ ಸೇರಿದ, ಹೆಸರೇ ಇಲ್ಲದ ಬೆಕ್ಕು ಅದರ ಕಥೆಗಾರ. ಜಪಾನಿ ಭಾಷೆಯ ಶೀರ್ಷಿಕೆಯಲ್ಲಿ ಆ ಬೆಕ್ಕು ತನ್ನನ್ನು ಕರೆದುಕೊಳ್ಳುವುದು ‘ವಾಗಹಾಯ್’ ಎಂದು. ‘ನಾನು’ ಎಂಬ ಅರ್ಥದ ಹಲವು ಪದಗಳಲ್ಲಿ ಗತ್ತು ಗೈರತ್ತಿನ, ದೊಡ್ಡ ಮನುಷ್ಯರು ಬಳಸುವಂಥ ಪದ ಅದು. ಬೀದಿ ಬೆಕ್ಕಿನ ಬಾಯಲ್ಲಿ ಅಂಥ ಪದ ಬಂದರೆ ನಗದೇ ಇರಲಾದೀತೇ? ಬೆಕ್ಕಿನ ಮಾತು ಕೆಳಗಿಳಿದೇ ನಗಿಸಬೇಕೆಂದಿಲ್ಲ. ಅದರ ಸ್ವಭಾವ ನೋಡಿದರೆ ಮೇಲೇರುವುದೇ ಸರಿ.

ಕನ್ನಡದಲ್ಲಿ ಗತ್ತಿನ ಭಾಷೆ ಎಂದರೆ ಯಾವುದು? ಎರಡು ವರ್ಷ ಪತ್ರಲೇಖನ ಅಭ್ಯಾಸ ಮಾಡಿದವಳಿಗೆ ಅದನ್ನು ಹುಡುಕಬೇಕೇ! ಕೂತಲ್ಲೇ ಬರೆದೆ:

‘ಇವರಿಂದ: ಮನೆಯ ಬೆಕ್ಕು. ಇವರಿಗೆ: ಅಡುಗೆಮನೆಯ ಮೇಲ್ವಿಚಾರಕರು. ಮಾನ್ಯರೇ, ವಿಷಯ: ಬೆಳಗಿನ ಆಹಾರ ವಿತರಣೆಯಲ್ಲಾಗುತ್ತಿರುವ ವಿಳಂಬದ ಕುರಿತು. ಉಲ್ಲೇಖ: ಬೆಳಗಿನ ಜಾವ 4, 4.30 ಮತ್ತು 5 ಗಂಟೆಗೆ ಹಾಸಿಗೆಯ ಮೇಲೆ ಹತ್ತಿ ಮಾಡಲಾದ ಕೂಗುಗಳು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ಬಟ್ಟಲಿನ ತಳವು ಕಾಣುತ್ತಿದ್ದು, ಸದರಿ ಸಂಗತಿಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಈ ಬಗ್ಗೆ ಕೂಡಲೇ ಕ್ರಮ ಕೈಗೊಳ್ಳತಕ್ಕದ್ದು. ತಪ್ಪಿದಲ್ಲಿ ಸೋಫಾ ಪರಚುವ ಮುಂದಿನ ಕ್ರಮ ಜರುಗಿಸಲಾಗುವುದು.’

ಕಂಪನಿಯವರಿಗೆ ಮೊದಲು ಅಷ್ಟು ರುಚಿಸಲಿಲ್ಲ. ‘ಇದು ಯಾರಿಗೆ ಅರ್ಥ ಆಗುತ್ತೆ?’ ಎಂದರು. ನಾನು ಬಿಡಲಿಲ್ಲ. ಹಳ್ಳಿ ಸ್ಲ್ಯಾಂಗ್ ಇನ್ನು ಬರೆಯಲಾರೆ ಎಂದೂ ಹೇಳಿದೆ. ಹೇಳುವಾಗ ದನಿ ನಡುಗುತ್ತಿತ್ತು, ಸುಳ್ಳೇಕೆ. ಒಂದು ಹಾಕಿ ನೋಡೋಣ ಎಂದರು. ಮೊದಲ ವಿಡಿಯೊದಷ್ಟು ಜನ ನೋಡಲಿಲ್ಲ. ಆದರೆ ತಾಲ್ಲೂಕು ಕಚೇರಿಗೆ ಅಲೆದವರು, ಮೇಷ್ಟ್ರುಗಳು, ನನ್ನಂತೆ ಗೈಡು ಹಿಡಿದು ಕೂತ ಹುಡುಗ ಹುಡುಗಿಯರು ಹುಡುಕಿಕೊಂಡು ಬಂದರು. ಒಬ್ಬ ಹುಡುಗ ಉತ್ತರವನ್ನೂ ಸರ್ಕಾರಿ ಭಾಷೆಯಲ್ಲೇ ಬರೆದಿದ್ದ: ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿ, ಅನುದಾನದ ಲಭ್ಯತೆಯ ಮೇರೆಗೆ ಮೀನು ಮಂಜೂರು ಮಾಡಲಾಗುವುದು.’ ಆ ಸರಣಿ ಈಗಲೂ ನಡೆಯುತ್ತಿದೆ. ಸಾಲಿಗೆ ನೂರೇ. ಪತ್ರ ಉದ್ದವಾದಷ್ಟೂ ನನಗೆ ಲಾಭ ಎನ್ನುವುದು ಇನ್ನೂ ಅವರ ಗಮನಕ್ಕೆ ಬಂದಿಲ್ಲ.

ಮನೆಯಲ್ಲಿ ಅಪ್ಪ ಇದನ್ನು ನೋಡಿ, ‘ಇದ್ಯಾಕ್ ಕೊತ್ತಿ ತಾಸೀಲ್ದಾರ್ ಆಗೋಯ್ತು?’ ಎಂದು ಕೇಳಿತಂತೆ. ಅವ್ವ ನಕ್ಕು ಸುಸ್ತಾಯಿತಂತೆ.

‘ನಮ್ಮನೆ’ ಗ್ರೂಪಿನ ಕೊತ್ತಪ್ಪನಿಗೆ ಮಾತ್ರ ಈ ಬಡ್ತಿ ಸಿಕ್ಕಿಲ್ಲ. ಅವನು ಹಳೆಯ ಭಾಷೆಯಲ್ಲೇ ಇದ್ದಾನೆ. ಮೊನ್ನೆ ಭಾನುವಾರ ನಾನು ಇನ್ನೊಂದು ಪರೀಕ್ಷೆ ಬರೆದು ಹೊರಗೆ ಬಂದು ಮೊಬೈಲ್ ಆನ್ ಮಾಡಿದಾಗ ಅಪ್ಪನ ನಂಬರಿನಿಂದ ಒಂದು ಫೋಟೊ ಬಂದಿತ್ತು. ಸ್ವಲ್ಪ ಅಲುಗಾಡಿತ್ತು, ಅಪ್ಪನೇ ತೆಗೆದದ್ದಿರಬೇಕು. ಜಗಲಿಯ ಮೇಲೆ ಮುದ್ದೆ ಕಟ್ಟಿಕೊಂಡು ಕೂತ ಕೊತ್ತಪ್ಪ, ಕಣ್ಣು ಬೀದಿಯ ಕಡೆಗೆ. ಕೆಳಗೆ ಬರೆದಿತ್ತು: ‘ಬರ್ದಾಯ್ತಾ? ಉಂಡ್ಯಾ?’

ಆಯ್ತು, ಇನ್ನೂ ಇಲ್ಲ ಎಂದು ಟೈಪ್ ಮಾಡಿ, ಸೆಂಟರಿನ ಎದುರಿದ್ದ ಹೋಟೆಲಿಗೆ ನಡೆದೆ.